ಮನೆಯಲ್ಲೇ ಕಿಮೊಥೆರಪಿ ಮಾತ್ರೆ: ಕ್ಯಾಪೆಸಿಟಾಬಿನ್ ಸೇವಿಸುವವರೂ ಮನೆಯವರೂ ತಿಳಿದಿರಬೇಕಾದ ವಿಷಯಗಳು

ಕಿಮೊಥೆರಪಿ ಎಂದರೆ ಆಸ್ಪತ್ರೆಯಲ್ಲಿ ಮಲಗಿ ಡ್ರಿಪ್ ಹಾಕಿಸಿಕೊಳ್ಳುವುದು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಇಂದು ಎಷ್ಟೋ ರೋಗಿಗಳು ಕಿಮೊಥೆರಪಿಯ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಮನೆಗೆ ಬರುತ್ತಾರೆ. ದೊಡ್ಡ ಕರುಳು, ಸ್ತನ ಮತ್ತು ಜಠರದ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಾಬಿನ್ ಅಂಥ ಮಾತ್ರೆಗಳಲ್ಲಿ ಮುಖ್ಯವಾದುದು. ನೋಡಲು ಇದು ಬಿ.ಪಿ., ಶುಗರ್ ಮಾತ್ರೆಯಂತೆಯೇ ಇದೆ. ಮನೆಯವರೂ ಹಾಗೆಯೇ ಭಾವಿಸಿ ಅದೇ ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ. ಆಸ್ಪತ್ರೆಯಲ್ಲಾದರೆ ಡೋಸ್ ಲೆಕ್ಕ ಹಾಕಲು, ಜ್ವರ ನೋಡಲು, ಭೇದಿ ಎಷ್ಟು ಸಲ ಆಯಿತೆಂದು ಬರೆದಿಡಲು ದಾದಿಯರಿದ್ದಾರೆ. ಮನೆಯಲ್ಲಿ ಆ ಕೆಲಸವೆಲ್ಲ ರೋಗಿಯ ಮೇಲೆ, ಇಲ್ಲವೇ ಮಗಳ ಅಥವಾ ಸೊಸೆಯ ಮೇಲೆ ಬೀಳುತ್ತದೆ.

ಈ ಲೇಖನ ಅಂಥವರಿಗಾಗಿ. ರೋಗಿಗಳ ಮನೆಗೆ ಭೇಟಿ ಕೊಡುವ ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರು, ವಾಳೆಯ ಗುರಿಕಾರರು, ಧರ್ಮಭಗಿನಿಯರು ಕೂಡ ಓದಿದರೆ ಒಳ್ಳೆಯದು. ಯಾರಿಗೆ ಎಷ್ಟು ಮಾತ್ರೆ ಎಂಬುದನ್ನು ನಿರ್ಧರಿಸುವವರು ಚಿಕಿತ್ಸೆ ಕೊಡುವ ವೈದ್ಯರು ಮಾತ್ರ. ಇಲ್ಲಿರುವುದು ಅವರ ಚೀಟಿಯನ್ನು ಸರಿಯಾಗಿ ಪಾಲಿಸಲು ಬೇಕಾದ ತಿಳಿವಳಿಕೆ.

ಮಾತ್ರೆಯೊಳಗೆ ಏನಿದೆ?

ಡ್ರಿಪ್ ಮೂಲಕ ದಶಕಗಳಿಂದ ಕೊಡುತ್ತಾ ಬಂದಿರುವ 5-ಫ್ಲೂರೋಯುರಾಸಿಲ್ ಎಂಬ ಔಷಧವೇ ಕ್ಯಾಪೆಸಿಟಾಬಿನ್‌ನ ಮೂಲ. ಮಾತ್ರೆಯಲ್ಲಿ ಅದು ನೇರವಾಗಿ ಇರುವುದಿಲ್ಲ. ನುಂಗಿದ ಮೇಲೆ ಯಕೃತ್ತಿನಲ್ಲಿ ಎರಡು ಹಂತ ದಾಟಿ, ಕೊನೆಯ ಹಂತದಲ್ಲಿ ಒಂದು ಕಿಣ್ವದ ಸಹಾಯದಿಂದ 5-ಫ್ಲೂರೋಯುರಾಸಿಲ್ ಆಗಿ ಬದಲಾಗುತ್ತದೆ. ಆ ಕಿಣ್ವ ಅನೇಕ ಗಡ್ಡೆಗಳಲ್ಲಿ ಹೆಚ್ಚಾಗಿರುವುದರಿಂದ ಔಷಧ ಅಲ್ಲಿ ಹೆಚ್ಚು ತಯಾರಾಗುತ್ತದೆ. ಅಮೆರಿಕದಲ್ಲಿ 1998ರಲ್ಲಿ ಸ್ತನ ಕ್ಯಾನ್ಸರಿಗೆ, 2001ರಲ್ಲಿ ಕರುಳಿನ ಕ್ಯಾನ್ಸರಿಗೆ ಇದಕ್ಕೆ ಅನುಮತಿ ಸಿಕ್ಕಿತು. ಮೊದಲು ಬಂದ ಬ್ರ್ಯಾಂಡಿನ ಹೆಸರು ಝೆಲೋಡಾ. ಈಗ ನಮ್ಮ ದೇಶದಲ್ಲೇ ಅನೇಕ ಕಂಪೆನಿಗಳು ಬೇರೆ ಬೇರೆ ಹೆಸರಿನಲ್ಲಿ ತಯಾರಿಸುತ್ತವೆ. ಆದ್ದರಿಂದ ಬ್ರ್ಯಾಂಡ್ ಹೆಸರು ನೋಡಿ ಗೊಂದಲಗೊಳ್ಳದೆ, ಪೊಟ್ಟಣದ ಮೇಲೆ ಕ್ಯಾಪೆಸಿಟಾಬಿನ್ ಎಂಬ ಹೆಸರನ್ನೂ ಎಷ್ಟು ಮಿಲಿಗ್ರಾಂ ಎಂಬುದನ್ನೂ ಓದಬೇಕು. ಹಳೆಯ ಪೊಟ್ಟಣ ಒಂದು ಬ್ರ್ಯಾಂಡಿನದ್ದು, ಹೊಸದು ಇನ್ನೊಂದರದ್ದು ಆದಾಗ ಎರಡೂ ಬೇರೆ ಬೇರೆ ಮದ್ದೆಂದು ಎರಡನ್ನೂ ನುಂಗಿದರೆ ಡೋಸ್ ಇಮ್ಮಡಿಯಾಗುತ್ತದೆ.

ದಿನದ ಲೆಕ್ಕ, ಮಾತ್ರೆಯ ಲೆಕ್ಕ

ಈ ಮಾತ್ರೆಯ ಡೋಸನ್ನು ರೋಗಿಯ ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕಿದ ದೇಹದ ಮೇಲ್ಮೈಯ ಅಳತೆಯ ಮೇಲೆ ನಿಗದಿ ಮಾಡುತ್ತಾರೆ. ಮಾತ್ರೆಗಳು 500 ಮತ್ತು 150 ಮಿಲಿಗ್ರಾಂನಲ್ಲಿ ಬರುತ್ತವೆ. ಉದಾಹರಣೆಗೆ, ಒಬ್ಬರ ಅಳತೆ 1.5 ಚದರ ಮೀಟರ್ ಎಂದೂ, ವೈದ್ಯರು ಚದರ ಮೀಟರಿಗೆ 1000 ಮಿಲಿಗ್ರಾಂನಂತೆ ಬರೆದಿದ್ದಾರೆ ಎಂದೂ ಇಟ್ಟುಕೊಳ್ಳೋಣ. ಆಗ ಒಂದು ಹೊತ್ತಿಗೆ 1500 ಮಿಲಿಗ್ರಾಂ, ಅಂದರೆ 500ರ ಮೂರು ಮಾತ್ರೆ. ಬೆಳಿಗ್ಗೆ ಮೂರು, ರಾತ್ರಿ ಮೂರು. ನೆರೆಮನೆಯವರಿಗೆ ಇದೇ ಕಾಯಿಲೆಗೆ ನಾಲ್ಕು ಮಾತ್ರೆ ಇರಬಹುದು, ಇನ್ನೊಬ್ಬರಿಗೆ ಎರಡೇ ಇರಬಹುದು. ಮೂತ್ರಪಿಂಡದ ಶಕ್ತಿ ಕಡಿಮೆಯಾದವರಿಗೆ ಡೋಸ್ ಇಳಿಸುತ್ತಾರೆ, ತುಂಬಾ ಕಡಿಮೆಯಿದ್ದರೆ ಈ ಮಾತ್ರೆ ಕೊಡುವುದೇ ಇಲ್ಲ. ಒಬ್ಬರ ಡೋಸನ್ನು ಇನ್ನೊಬ್ಬರದ್ದಕ್ಕೆ ಹೋಲಿಸಿ ನೋಡುವುದರಲ್ಲಿ ಅರ್ಥವಿಲ್ಲ.

ಸಾಮಾನ್ಯವಾಗಿ 14 ದಿನ ಮಾತ್ರೆ, 7 ದಿನ ವಿಶ್ರಾಂತಿ. ಹೀಗೆ 21 ದಿನಕ್ಕೆ ಒಂದು ಸುತ್ತು. ಬೇರೆ ಕ್ರಮವೂ ಉಂಟು, ರೇಡಿಯೇಷನ್ ಜೊತೆ ಕೊಡುವಾಗ ಲೆಕ್ಕ ಬದಲಾಗುತ್ತದೆ. ಆಕ್ಸಾಲಿಪ್ಲಾಟಿನ್ ಡ್ರಿಪ್ ಜೊತೆ ಕೊಡುವಾಗ ಮೊದಲ ದಿನ ರಾತ್ರಿ ಆರಂಭಿಸಿ 15ನೇ ದಿನ ಬೆಳಿಗ್ಗೆ ಮುಗಿಸುವ ಕ್ರಮವೂ ಇದೆ. ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ವಿಶ್ರಾಂತಿಯ ವಾರದಲ್ಲಿ. "ಮದ್ದು ನಿಲ್ಲಿಸಿದರೆ ಕಾಯಿಲೆ ಬೆಳೆದೀತು" ಎಂಬ ಹೆದರಿಕೆಯಿಂದ ಕೆಲವರು ಆ ವಾರವೂ ಮಾತ್ರೆ ಮುಂದುವರಿಸುತ್ತಾರೆ. ಆ ಏಳು ದಿನ ರಕ್ತಕಣಗಳು, ಬಾಯಿ ಮತ್ತು ಕರುಳಿನ ಒಳಪದರ ಚೇತರಿಸಿಕೊಳ್ಳಲು ಬಿಟ್ಟ ದಿನಗಳು. ಅದೂ ಚಿಕಿತ್ಸೆಯ ಭಾಗವೇ.

ಇದಕ್ಕೆ ಸುಲಭ ಉಪಾಯ ಗೋಡೆಯ ಕ್ಯಾಲೆಂಡರ್. ಮಾತ್ರೆಯ ದಿನಗಳಿಗೆ ಒಂದು ಬಣ್ಣ, ವಿಶ್ರಾಂತಿಯ ದಿನಗಳಿಗೆ ಇನ್ನೊಂದು ಬಣ್ಣ ಹಚ್ಚಿ, ನುಂಗಿದ ಕೂಡಲೇ ಗುರುತು ಹಾಕಬೇಕು. ಹೊಸ ಸುತ್ತಿನ ಮೊದಲ ದಿನ ಮಾತ್ರೆಗಳನ್ನು ಪೊಟ್ಟಣದ ಮೇಲಿನಿಂದಲೇ ಎಣಿಸಿ ನೋಡಿ. ಮೇಲಿನ ಉದಾಹರಣೆಯಲ್ಲಿ ದಿನಕ್ಕೆ ಆರರಂತೆ 14 ದಿನಕ್ಕೆ 84 ಮಾತ್ರೆ ಬೇಕು. ಮೆಡಿಕಲಿನವರು 90 ಕೊಟ್ಟಿದ್ದರೆ ಆರು ಉಳಿಯಬೇಕು. ಅವನ್ನು ಮುಗಿಸಲೆಂದು 15ನೇ ದಿನವೂ ನುಂಗಬಾರದು.

ಒಂದು ಹೊತ್ತಿನ ಮಾತ್ರೆ ಮರೆತುಹೋದರೆ ಬಿಟ್ಟುಬಿಡಿ. ಮುಂದಿನದ್ದನ್ನು ಅದರ ಸಮಯಕ್ಕೆ ತೆಗೆದುಕೊಳ್ಳಿ. ಎರಡು ಹೊತ್ತಿನದ್ದನ್ನು ಒಟ್ಟಿಗೆ ನುಂಗಬೇಡಿ. ನುಂಗಿದ ಮೇಲೆ ವಾಂತಿಯಾದರೂ ಮತ್ತೆ ನುಂಗಬೇಡಿ.

ಊಟವಾದ ಅರ್ಧ ಗಂಟೆಯೊಳಗೆ

ಕ್ಯಾಪೆಸಿಟಾಬಿನನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆಯ ತಿಂಡಿ ಮತ್ತು ರಾತ್ರಿಯ ಊಟವಾದ 30 ನಿಮಿಷದೊಳಗೆ ನೀರಿನೊಂದಿಗೆ ನುಂಗಬೇಕು. ಎರಡು ಹೊತ್ತಿನ ನಡುವೆ ಸುಮಾರು 12 ಗಂಟೆ ಅಂತರವಿರಲಿ. ಬೆಳಿಗ್ಗೆ 8ಕ್ಕೆ ಗಂಜಿ ಉಂಡು ನುಂಗಿದರೆ ರಾತ್ರಿ 8ಕ್ಕೆ ಊಟವಾಗಬೇಕು. ರಾತ್ರಿ ಹತ್ತೂವರೆಗೆ ಉಣ್ಣುವ ಮನೆಗಳಲ್ಲಿ ರೋಗಿಗಾದರೂ ಬೇಗ ಬಡಿಸಿ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಬೆಳಿಗ್ಗೆಯ ಬಲಿಪೂಜೆಗೆ ಹೋಗುವವರು ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕಾಗಿ ತಿಂಡಿಯನ್ನೂ ಮಾತ್ರೆಯನ್ನೂ ಮುಂದೂಡುತ್ತಾರೆ. ಧರ್ಮಸಭೆಯ ಕಾನೂನಿನ ಪ್ರಕಾರ ನೀರು ಮತ್ತು ಔಷಧದಿಂದ ಈ ಉಪವಾಸ ಮುರಿಯುವುದಿಲ್ಲ. ಅಷ್ಟೇ ಅಲ್ಲ, ರೋಗಿಗಳು, ವೃದ್ಧರು ಮತ್ತು ಅವರ ಆರೈಕೆ ಮಾಡುವವರು ಒಂದು ಗಂಟೆಯೊಳಗೆ ಆಹಾರ ಸೇವಿಸಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ತಪಸ್ಸುಕಾಲದ ಉಪವಾಸದ ವಿಷಯದಲ್ಲೂ ಕಿಮೊಥೆರಪಿಯಲ್ಲಿರುವವರು ಸಂಕೋಚಪಡಬೇಕಾಗಿಲ್ಲ. ಮನಸ್ಸಿಗೆ ಸಮಾಧಾನವಾಗದಿದ್ದರೆ ಧರ್ಮಗುರುಗಳನ್ನು ಕೇಳಿ. ಅವರೂ ಉಂಡು ಮಾತ್ರೆ ನುಂಗಿ ಎಂದೇ ಹೇಳುವರು.

ಮಾತ್ರೆಯನ್ನು ಪುಡಿ ಮಾಡಬಾರದು, ತುಂಡು ಮಾಡಬಾರದು. ನುಂಗಲು ಕಷ್ಟವಾದರೆ ವೈದ್ಯರಿಗೆ ತಿಳಿಸಿ. ಊಟದ ನಂತರ ಎಂಬ ಈ ನಿಯಮ ಕ್ಯಾನ್ಸರಿನ ಎಲ್ಲ ಮಾತ್ರೆಗಳಿಗೂ ಹೊಂದುವುದಿಲ್ಲ. ಪ್ರೋಸ್ಟೇಟ್ ಕ್ಯಾನ್ಸರಿಗೆ ಕೊಡುವ ಅಬಿರಾಟೆರೋನನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು.

ಯಾವಾಗ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು?

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಕ್ಯಾಪೆಸಿಟಾಬಿನ್‌ನಿಂದ ಜೀವಕ್ಕೆ ಅಪಾಯವಾಗುವುದು ಹೆಚ್ಚಾಗಿ ಭೇದಿ ಮತ್ತು ಸೋಂಕಿನಿಂದ. ಅದರಲ್ಲೂ "ಕಿಮೊ ಎಂದ ಮೇಲೆ ಇಷ್ಟೆಲ್ಲ ಇರುವುದೇ, ಸಹಿಸಿಕೊಳ್ಳಬೇಕು" ಎಂದು ಮಾತ್ರೆ ಮುಂದುವರಿಸಿದವರಿಗೆ ಅಪಾಯ ಹೆಚ್ಚು. ನಮ್ಮ ಹಿರಿಯರಲ್ಲಿ, ಮುಖ್ಯವಾಗಿ ಅಮ್ಮಂದಿರಲ್ಲಿ, ಈ ಸಹಿಸಿಕೊಳ್ಳುವ ಗುಣ ಜಾಸ್ತಿ. ಮಕ್ಕಳಿಗೆ ತೊಂದರೆಯಾಗಬಾರದೆಂದು ಅವರು ಹೇಳುವುದೇ ಇಲ್ಲ. ಆದ್ದರಿಂದ ಮನೆಯವರೇ ದಿನಾ ಕೇಳಬೇಕು.

ಮಾಮೂಲಿಗಿಂತ ನಾಲ್ಕು ಸಲ ಅಥವಾ ಅದಕ್ಕಿಂತ ಹೆಚ್ಚು ಭೇದಿಯಾದರೆ, ಇಲ್ಲವೇ ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾದರೆ ಮಾತ್ರೆ ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಫೋನ್ ಮಾಡಿ. 24 ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ವಾಂತಿಯಾದರೂ, ವಾಕರಿಕೆಯಿಂದ ಊಟವೇ ಸೇರದಿದ್ದರೂ, ಬಾಯಿಹುಣ್ಣಿನಿಂದ ಉಣ್ಣಲು ನೋವಾದರೂ ಹೀಗೆಯೇ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಬಿಳಿ ರಕ್ತಕಣ ಕಡಿಮೆಯಾದಾಗ ಬರುವ ಜ್ವರ ಕೆಲವೇ ಗಂಟೆಗಳಲ್ಲಿ ಗಂಭೀರವಾಗಬಲ್ಲದು. ಪ್ಯಾರಾಸಿಟಮಾಲ್ ನುಂಗಿ ಜ್ವರ ಅಡಗಿಸುವುದು ಇಲ್ಲಿ ಅಪಾಯಕಾರಿ. ಎದೆನೋವು ಬಂದರೆ ಮಾತ್ರೆ ನಿಲ್ಲಿಸಿ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಈ ಔಷಧ ಕೆಲವರಲ್ಲಿ ಹೃದಯದ ರಕ್ತನಾಳಗಳನ್ನು ಬಿಗಿಯುತ್ತದೆ.

ಹೀಗೆ ನಿಲ್ಲಿಸಿದ ಮಾತ್ರೆಗಳನ್ನು ಆಮೇಲೆ ಸೇರಿಸಿ ನುಂಗುವ ಕ್ರಮವಿಲ್ಲ. ವೈದ್ಯರು ಡೋಸ್ ಇಳಿಸಿ ಮತ್ತೆ ಆರಂಭಿಸಬಹುದು. ಭೇದಿಗೆ ಓ.ಆರ್.ಎಸ್. ನೀರು ಕೊಡಲು ಶುರುಮಾಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಕೊಡಿ.

ಮೊದಲ ಸುತ್ತಿನ ಮೊದಲ ದಿನಗಳಲ್ಲೇ ತೀವ್ರ ಭೇದಿ, ಬಾಯಿಹುಣ್ಣು, ಜ್ವರ ಒಟ್ಟಿಗೆ ಬಂದರೆ ವಿಶೇಷ ಎಚ್ಚರ ಬೇಕು. ದೇಹದಲ್ಲಿ 5-ಫ್ಲೂರೋಯುರಾಸಿಲನ್ನು ಒಡೆದು ಹಾಕುವ ಡಿ.ಪಿ.ಡಿ. ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಅವರಿಗೆ ಸಾಧಾರಣ ಡೋಸೇ ವಿಷವಾಗುತ್ತದೆ. ಮಾತ್ರೆ ಆರಂಭಿಸುವ ಮುಂಚೆ ಇದರ ಪರೀಕ್ಷೆ ಮಾಡಬೇಕೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ನಿಮ್ಮ ವೈದ್ಯರಲ್ಲಿ ಈ ಬಗ್ಗೆ ಕೇಳಲು ಹಿಂಜರಿಯಬೇಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಇದೇ ಔಷಧದಿಂದ ವಿಪರೀತ ತೊಂದರೆಯಾಗಿದ್ದರೆ ಅದನ್ನೂ ಹೇಳಿ.

ಅಂಗೈ, ಅಂಗಾಲು ಮತ್ತು ಹೆಬ್ಬೆಟ್ಟು

ಈ ಮಾತ್ರೆ ತೆಗೆದುಕೊಳ್ಳುವ ಅನೇಕರಿಗೆ ಅಂಗೈ, ಅಂಗಾಲು ಕೆಂಪಾಗಿ ಜುಮುಗುಡುತ್ತದೆ. ಮುಂದೆ ಉರಿ, ಊತ, ಚರ್ಮ ಸುಲಿಯುವುದು, ಬಿರುಕು. ಶಾಖ ಮತ್ತು ಉಜ್ಜುವಿಕೆ ಇದನ್ನು ಹೆಚ್ಚಿಸುತ್ತದೆ. ಹಂಡೆಯ ಸುಡುನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರು ಬಳಸಿ. ಬಿಸಿಲು ಕಾದ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಬೇಡಿ; ಹರಕೆಯ ಪಾದಯಾತ್ರೆಯನ್ನು ಚಿಕಿತ್ಸೆ ಮುಗಿದ ಮೇಲೆ ಇಟ್ಟುಕೊಳ್ಳಿ. ಬಟ್ಟೆ ಒಗೆಯುವುದು, ತೆಂಗಿನಕಾಯಿ ತುರಿಯುವುದು, ಗುಡಿಸುವುದು, ಬೀಡಿ ಕಟ್ಟುವುದು ಮುಂತಾದ ಕೆಲಸಗಳನ್ನು ಕೆಲವು ತಿಂಗಳು ಬೇರೆಯವರು ಮಾಡಲಿ. ಸಡಿಲವಾದ, ಮೆತ್ತಗಿನ ಚಪ್ಪಲಿ ಹಾಕಿ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ 10 ಶೇಕಡಾ ಯೂರಿಯಾ ಇರುವ ಕ್ರೀಮನ್ನು ಮೊದಲ ದಿನದಿಂದಲೇ ಹಚ್ಚಿ.

ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಇದನ್ನು ತಡೆಯುತ್ತದೆಯೇ ಎಂದು ದಿಲ್ಲಿಯ ಏಮ್ಸ್ ವೈದ್ಯರು 264 ರೋಗಿಗಳಲ್ಲಿ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾದಾ ಜೆಲ್ ಹಚ್ಚಿದವರಲ್ಲಿ 100ಕ್ಕೆ 15 ಮಂದಿಗೆ ಹೆಚ್ಚಿನ ಮಟ್ಟದ ತೊಂದರೆಯಾದರೆ, ಡೈಕ್ಲೋಫೆನಾಕ್ ಜೆಲ್ ಹಚ್ಚಿದವರಲ್ಲಿ ಅದು 4ಕ್ಕಿಂತ ಕಡಿಮೆ. ಅಗ್ಗದ ಜೆಲ್ ಇದು, ವೈದ್ಯರನ್ನು ಕೇಳಿ ಬಳಸಬಹುದು. ಅದೇ ಹೆಸರಿನ ಮಾತ್ರೆ ನುಂಗುವುದು ಬೇರೆಯೇ ವಿಷಯ, ಅದು ಬೇಡ. ನೋವಿನಿಂದ ನಡೆಯಲು, ಪಾತ್ರೆ ಹಿಡಿಯಲು ಆಗದಿದ್ದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು.

ಯಾರೂ ಮುಂಚಿತವಾಗಿ ಹೇಳದ ಇನ್ನೊಂದು ತೊಡಕು ಇದೆ: ಬೆರಳಚ್ಚು ಮಾಸಿಹೋಗಬಹುದು. ಈ ಮಾತ್ರೆ ಸೇವಿಸುತ್ತಿದ್ದ ಸಿಂಗಾಪುರದ 62 ವರ್ಷದ ರೋಗಿಯೊಬ್ಬರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಲಸೆ ಅಧಿಕಾರಿಗಳು ನಾಲ್ಕು ಗಂಟೆ ತಡೆದಿಟ್ಟ ಸಂಗತಿಯನ್ನು ಅವರ ವೈದ್ಯರು 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮಲ್ಲಿ ರೇಷನ್ ಅಂಗಡಿಯ ಯಂತ್ರ, ಬ್ಯಾಂಕ್, ಗಲ್ಫ್ ದೇಶಗಳ ವೀಸಾ ಎಲ್ಲಕ್ಕೂ ಹೆಬ್ಬೆಟ್ಟು ಬೇಕು. ವೈದ್ಯರಿಂದ ಒಂದು ಪತ್ರ ಬರೆಸಿಟ್ಟುಕೊಳ್ಳಿ, ರೇಷನ್ ತರಲು ಮನೆಯ ಇನ್ನೊಬ್ಬ ಸದಸ್ಯರನ್ನು ಕಳುಹಿಸಿ. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆಯೂ ಈಗ ಇದೆ.

ಜೊತೆಯಲ್ಲಿ ನುಂಗುವ ಇತರ ಮದ್ದುಗಳು

ಹೃದಯದ ಕವಾಟ ಬದಲಾಯಿಸಿದವರು ರಕ್ತ ತೆಳುವಾಗಲು ತೆಗೆದುಕೊಳ್ಳುವ ವಾರ್ಫರಿನ್ ಜಾತಿಯ ಮಾತ್ರೆಗಳ ಪ್ರಭಾವವನ್ನು ಕ್ಯಾಪೆಸಿಟಾಬಿನ್ ವಿಪರೀತ ಹೆಚ್ಚಿಸುತ್ತದೆ. ರಕ್ತಸ್ರಾವದಿಂದ ಸಾವು ಸಂಭವಿಸಿದ್ದೂ ಉಂಟು. ಅಂಥವರು ಐ.ಎನ್.ಆರ್. ಪರೀಕ್ಷೆಯನ್ನು ಪದೇ ಪದೇ ಮಾಡಿಸಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ರಕ್ತದಲ್ಲಿ ಏರುತ್ತದೆ. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್ ಕ್ಯಾನ್ಸರ್ ಮಾತ್ರೆಯ ಕೆಲಸವನ್ನೇ ಕುಂದಿಸಬಹುದು. ಎಲ್ಲರೂ ನಿರಪಾಯವೆಂದು ನಂಬಿರುವ ಫೋಲಿಕ್ ಆಸಿಡ್ ಈ ಮಾತ್ರೆಯ ವಿಷಪರಿಣಾಮವನ್ನು ಹೆಚ್ಚಿಸುತ್ತದೆ. "ಸುಸ್ತು ಇದೆ, ಒಂದು ಟಾನಿಕ್ ಕುಡಿಯಿರಿ" ಎಂದು ನೆಂಟರು ತಂದುಕೊಡುವ ಬಾಟಲಿಯಲ್ಲೂ ಕಬ್ಬಿಣದ ಮಾತ್ರೆಯಲ್ಲೂ ಅದು ಇರುತ್ತದೆ. ಹಳ್ಳಿಮದ್ದು, ಕಷಾಯ ಮಾಡುವವರಿದ್ದರೆ ಬಚ್ಚಿಡದೆ ವೈದ್ಯರಿಗೆ ಹೇಳಿ, ಬೈಗುಳ ತಿಂದರೂ ಪರವಾಗಿಲ್ಲ.

ಮನೆಯವರ ಸುರಕ್ಷತೆ

ಮಾತ್ರೆಯನ್ನು ರೋಗಿಯೇ ಪೊಟ್ಟಣದಿಂದ ತೆಗೆದು ನುಂಗಿ ಕೈ ತೊಳೆಯುವುದು ಉತ್ತಮ. ಬೇರೆಯವರು ಕೊಡುವುದಾದರೆ ಕೈಗವಸು ಹಾಕಿಕೊಳ್ಳಿ. ಗರ್ಭಿಣಿಯರು, ಮೊಲೆಯೂಡಿಸುವವರು ಮುಟ್ಟಬಾರದು. ಚಿಕಿತ್ಸೆಯಲ್ಲಿರುವವರು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮಾತ್ರೆ ಮುಗಿದ ಮೇಲೆ ಹೆಂಗಸರು 6 ತಿಂಗಳು, ಗಂಡಸರು 3 ತಿಂಗಳು ಈ ಎಚ್ಚರ ಮುಂದುವರಿಸಬೇಕು. ರೋಗಿ ಬಳಸಿದ ಕಕ್ಕಸಿಗೆ ಎರಡು ಸಲ ನೀರು ಹಾಕಿ. ವಾಂತಿ, ಮಲ ತಾಗಿದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಇಷ್ಟರ ಹೊರತು ರೋಗಿಯನ್ನು ಮುಟ್ಟಲು, ಒಟ್ಟಿಗೆ ಉಣ್ಣಲು, ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ತಟ್ಟೆ ಲೋಟ ಬೇರೆ ಇಡುವ ಮನೆಗಳೂ ಇವೆ, ಅದು ಅನಗತ್ಯ ನೋವು.

ಮಳೆಗಾಲದ ನಮ್ಮ ಕರಾವಳಿಯ ತೇವಕ್ಕೆ ಮಾತ್ರೆ ಹಾಳಾಗದಂತೆ ಪೊಟ್ಟಣದಲ್ಲೇ ಇಟ್ಟು, ಒಣಗಿದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಡುಗೆಮನೆ, ಬಚ್ಚಲು ಬೇಡ.

ಖರ್ಚು ಮತ್ತು ಉಳಿದ ಮಾತ್ರೆ

ಕ್ಯಾಪೆಸಿಟಾಬಿನ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಲ್ಲಿ ಕಿಮೊಥೆರಪಿಯೂ ಸೇರಿದೆ. ಜನೌಷಧಿ ಕೇಂದ್ರಗಳಲ್ಲೂ ವಿಚಾರಿಸಿ. ಹಣವಿಲ್ಲವೆಂದು ದಿನಕ್ಕೆ ಆರರ ಬದಲು ನಾಲ್ಕು ನುಂಗಿ ಉಳಿಸುವವರಿದ್ದಾರೆ. ಮನೆಭೇಟಿಗೆ ಹೋದವರು ಮೆಲ್ಲಗೆ ಇದನ್ನು ಕೇಳಿ ತಿಳಿದುಕೊಂಡರೆ ಸಹಾಯ ಒದಗಿಸಬಹುದು.

ಚಿಕಿತ್ಸೆ ಬದಲಾದಾಗ ಅಥವಾ ರೋಗಿ ತೀರಿಕೊಂಡಾಗ ಮಾತ್ರೆಗಳು ಉಳಿಯುತ್ತವೆ. ದುಬಾರಿ ಮದ್ದು, ಯಾರಿಗಾದರೂ ಉಪಯೋಗವಾಗಲಿ ಎಂದು ಕೆಲವರು ಒಳ್ಳೆಯ ಮನಸ್ಸಿನಿಂದ ಚರ್ಚಿನ ವೈದ್ಯಕೀಯ ಶಿಬಿರದ ಮದ್ದಿನ ಪೆಟ್ಟಿಗೆಗೆ ಹಾಕುತ್ತಾರೆ. ಶಿಬಿರ ನಡೆಸುವವರು ಇದನ್ನು ಸ್ವೀಕರಿಸಬಾರದು. ಬಾವಿ, ತೋಡು, ಕಸದ ರಾಶಿಗೂ ಎಸೆಯದೆ, ಸುಡದೆ, ಮದ್ದು ಕೊಟ್ಟ ಆಸ್ಪತ್ರೆಯ ಔಷಧಾಲಯಕ್ಕೇ ಹಿಂದಿರುಗಿಸಿ.