ಔಷಧ ವಿತರಣೆಯ ತಪ್ಪು: ರೋಗಿಗಿರುವ ಕಾನೂನು ಮಾರ್ಗಗಳು (ಭಾರತ)

ವೈದ್ಯರು ಬರೆದ ಮಾತ್ರೆಯ ಬದಲು ಬೇರೆಯದನ್ನೋ, 5 ಮಿಲಿಗ್ರಾಂ ಬದಲು 50 ಮಿಲಿಗ್ರಾಂನದ್ದನ್ನೋ ಮೆಡಿಕಲ್ ಸ್ಟೋರ್‌ನವರು ಕೊಟ್ಟು ಹಾನಿಯಾದರೆ, ಪರಿಹಾರಕ್ಕೆ ಹತ್ತಿರದ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ರೋಗಿ ತಾನಿರುವ ಜಿಲ್ಲೆಯಲ್ಲೇ 2 ವರ್ಷದೊಳಗೆ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ. ಬಿಲ್, ವೈದ್ಯರ ಚೀಟಿ, ಉಳಿದ ಮಾತ್ರೆಗಳಿರುವ ಸ್ಟ್ರಿಪ್ ಮುಖ್ಯ ಸಾಕ್ಷ್ಯ. ಬಿಲ್ ಇಲ್ಲದೆ ಔಷಧ ಕೊಳ್ಳುವ ರೂಢಿ ಇಲ್ಲಿ ರೋಗಿಗೇ ಮುಳುವಾಗುತ್ತದೆ. ಆ ಮಾತ್ರೆಯಿಂದಲೇ ಹಾನಿಯಾಯಿತೆಂದು ತೋರಿಸುವುದು ಕಷ್ಟದ ಭಾಗ. ಅದಕ್ಕೆ ಆಸ್ಪತ್ರೆಯ ದಾಖಲೆಗಳು ಬೇಕು. ಪರಿಹಾರದ ಹೊರತಾಗಿ ಬೇರೆ ಮಾರ್ಗಗಳೂ ಇವೆ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಕೊಡಬೇಕೆಂದು 1945ರ ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಇದನ್ನು ಮೀರಿದ ಅಂಗಡಿಯ ಪರವಾನಗಿಯ ಮೇಲೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳು ಕ್ರಮ ಕೈಗೊಳ್ಳಬಹುದು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಪೊಲೀಸರಿಗೆ ದೂರು ಕೊಡಬಹುದು.