ಬೀಗ ನನ್ನ ಕಾರಿಗೆ, ಕಳ್ಳ ಪಕ್ಕದ ಮನೆಗೆ: ಸ್ಟೀರಿಂಗ್ ಲಾಕ್‌ನ ಕಥೆ

ದಿನಬಳಕೆಯ ವಸ್ತುಗಳ ಇತಿಹಾಸ ಹೇಳುವ ನಮ್ಮ ಸರಣಿಯಲ್ಲಿ ಇವತ್ತು ಒಂದು ಬೀಗದ ಕಥೆ. ಕಾರಿನ ಸ್ಟೀರಿಂಗ್‌ಗೆ ಹಾಕುವ ಬೀಗ. ಇದನ್ನ ಆರಿಸಿಕೊಂಡಿದ್ದಕ್ಕೆ ನನ್ನದೇ ಒಂದು ಕಾರಣ ಇದೆ. ಅಲ್ಲಿಂದಲೇ ಶುರು ಮಾಡ್ತೀನಿ.

2003ರ ಮಾತು. ಮೈಸೂರಿನಲ್ಲಿ ನಾವಿದ್ದ ಬೀದಿಯಲ್ಲಿ ಯಾರ ಮನೆಗೂ ಕಾರ್ ಶೆಡ್ ಇರಲಿಲ್ಲ. ಹತ್ತು ಹನ್ನೆರಡು ಮನೆ, ನಾಲ್ಕು ಕಾರು, ನಾಲ್ಕೂ ರಸ್ತೆ ಬದಿಯಲ್ಲೇ. ನಾನು ಆಗಷ್ಟೇ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೆ. ರಾತ್ರಿ ಎರಡು ಸಲ ಎದ್ದು ಕಿಟಕಿಯಿಂದ ಇಣುಕಿ, ಕಾರು ಇದೆಯಾ ಅಂತ ನೋಡಿ ಮಲಗುತ್ತಿದ್ದೆ. ಏನೋ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಜೆ.ಸಿ. ರಸ್ತೆಯ ಅಂಗಡಿಯೊಂದರಿಂದ ಕೆಂಪು ಬಣ್ಣದ, ಮೊಳದುದ್ದದ ಒಂದು ಸ್ಟೀರಿಂಗ್ ಲಾಕ್ ತಂದೆ. ಎರಡು ಕೊಕ್ಕೆ, ಮಧ್ಯೆ ಬೀಗ. ಚಕ್ರಕ್ಕೆ ಅಡ್ಡಲಾಗಿ ಸಿಕ್ಕಿಸಿದರೆ ಆಯಿತು. ಸ್ಟೀರಿಂಗ್ ಸ್ವಲ್ಪ ತಿರುಗಿದರೂ ಸರಳಿನ ತುದಿ ಕಿಟಕಿಗೋ ಸೀಟಿಗೋ ತಗಲುತ್ತೆ.

ಎದುರುಮನೆಯಲ್ಲಿ ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು ಇದ್ದರು. ಅವರದ್ದೂ ಹೆಚ್ಚೂಕಮ್ಮಿ ನನ್ನ ಕಾರಿನಂಥದ್ದೇ ಕಾರು, ಇನ್ನೂ ಸ್ವಲ್ಪ ಹಳೇದು. ನಿಮಗೂ ಒಂದು ತಂದುಕೊಡ್ಲಾ ಸಾರ್ ಅಂದೆ. "ಈ ಡಬ್ಬಾನ ಯಾರಪ್ಪಾ ಕದೀತಾರೆ?" ಅಂತ ನಕ್ಕರು. ಎರಡು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಆ ಡಬ್ಬಾ ಇರಲಿಲ್ಲ. ನನ್ನ ಕಾರು ಇದ್ದಲ್ಲೇ ಇತ್ತು, ಕೆಂಪು ಸರಳಿನ ಸಮೇತ.

ಪೊಲೀಸ್ ಸ್ಟೇಷನ್ನಿಗೆ ನಾನೇ ಸ್ಕೂಟರಿನಲ್ಲಿ ಕರಕೊಂಡು ಹೋಗಿ ದೂರು ಕೊಡಿಸಿದೆ. ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮೇಷ್ಟ್ರು ಹೇಳಿದರು: "ಕಳ್ಳ ಮೊದಲು ನಿನ್ನ ಗಾಡೀನೇ ನೋಡಿರ್ತಾನೆ ಕಣಪ್ಪಾ. ಕೋಲು ಕಂಡು ಈ ಕಡೆ ತಿರುಗಿದಾನೆ." ಕೋಪದಿಂದ ಹೇಳಿದ್ದಲ್ಲ, ತಮಾಷೆಗೇ ಹೇಳಿದ್ದು. ಆದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಾರು ಕೊನೆಗೂ ಸಿಗಲಿಲ್ಲ.

ನನ್ನ ಬೀಗ ಕಳ್ಳತನ ತಡೆಯಿತಾ, ಇಲ್ಲಾ ರಸ್ತೆಯ ಆ ಬದಿಗೆ ಸಾಗಿಸಿತಾ? ತುಂಬಾ ವರ್ಷಗಳ ಮೇಲೆ ಗೊತ್ತಾಯಿತು, ಇದೇ ಪ್ರಶ್ನೆಯನ್ನ ಇಡೀ ದೇಶಗಳ ಮಟ್ಟದಲ್ಲಿ ಕೇಳಿ, ಲೆಕ್ಕ ಹಾಕಿ ನೋಡಿದ್ದಾರೆ ಅಂತ.

ಮೊದಲು ಬೀಗದ ಹುಟ್ಟಿನ ವಿಚಾರ. ಕಾರು ಬಂದ ಹೊಸದರಲ್ಲಿ ಅದನ್ನ ಕದಿಯೋದು ಬಲು ಸುಲಭ ಇತ್ತು. ಅಮೆರಿಕದಲ್ಲಿ ಈ ಕಾಟ ಎಷ್ಟಾಯಿತೆಂದರೆ, 1919ರಲ್ಲೇ ಅಲ್ಲಿನ ಸಂಸತ್ತು ಡೈಯರ್ ಕಾಯ್ದೆ ತಂತು. ಕದ್ದ ಕಾರನ್ನ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸೋದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧವಾಯಿತು. ಕಾರಿಗೆ ಕೀಲಿಯೇನೋ ಬಂತು, ಆದರೆ ಹಳೆ ಕೀಲಿ ಮಾಡ್ತಾ ಇದ್ದಿದ್ದು ಮನೆಯ ಸ್ವಿಚ್ಚಿನ ಕೆಲಸ ಮಾತ್ರ. ಕರೆಂಟ್ ಬಿಡೋದು, ಕಟ್ ಮಾಡೋದು. ಸ್ವಿಚ್ಚಿನ ಹಿಂದಿನ ಎರಡು ತಂತಿ ಸೇರಿಸೋಕೆ ಬರುವವನಿಗೆ ಕೀಲಿಯೇ ಬೇಕಿರಲಿಲ್ಲ.

ಸ್ಟೀರಿಂಗ್ ಲಾಕ್ ಬೇರೆ ದಾರಿ ಹಿಡಿಯಿತು. ಎಂಜಿನ್ ಬೇಕಾದರೆ ಶುರುವಾಗಲಿ, ಗಾಡಿ ತಿರುಗಬಾರದು. ತಿರುಗದ ಗಾಡೀಲಿ ಕಳ್ಳ ಎಷ್ಟು ದೂರ ಹೋಗ್ತಾನೆ? ಕಾರಿನೊಳಗೇ ಇರುವ ಲಾಕ್ ಕೆಲಸ ಮಾಡೋದು ಹೀಗೆ: ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಉಕ್ಕಿನ ದಂಡದ ಮೇಲೆ ಒಂದು ಕಚ್ಚು ಇರುತ್ತೆ. ಕೀಲಿ ತೆಗೆದ ಕೂಡಲೇ ಚಿಲಕದಂಥ ಒಂದು ಗೂಟವನ್ನ ಸ್ಪ್ರಿಂಗು ಆ ದಂಡದ ಕಡೆಗೆ ಒತ್ತಿ ಹಿಡಿಯುತ್ತೆ. ಚಕ್ರ ಸ್ವಲ್ಪ ಅಲ್ಲಾಡಿ ಕಚ್ಚು ಎದುರಿಗೆ ಬಂತೋ, ಗೂಟ 'ಟಕ್' ಅಂತ ಒಳಗೆ ಕೂತುಬಿಡುತ್ತೆ. ಒಮ್ಮೊಮ್ಮೆ ಕೀಲಿ ತಿರುಗದೆ ನಾವು ಸ್ಟೀರಿಂಗ್ ಅಲ್ಲಾಡಿಸಿ ಒದ್ದಾಡ್ತೀವಲ್ಲ, ಅದು ಆ ಗೂಟ ಕಚ್ಚಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದ್ದರ ಫಲ. ನಮ್ಮ ಸ್ಕೂಟರ್, ಬೈಕುಗಳ ಹ್ಯಾಂಡಲ್ ಲಾಕ್ ಕೂಡ ಇದೇ ಉಪಾಯ. ಫ್ರಾನ್ಸಿನಲ್ಲಂತೂ ಇದನ್ನ ರೂಪಿಸಿದ ಅಬ್ರಾಮ್ ನೇಮನ್ ಹೆಸರೇ ಬೀಗದ ಹೆಸರಾಗಿದೆ. ಅಲ್ಲಿನ ಜನ ಇವತ್ತಿಗೂ ಕಾರಿನ ಇಗ್ನಿಷನ್ ಲಾಕನ್ನ 'ನೇಮನ್' ಅಂತಲೇ ಕರೀತಾರೆ.

ಇನ್ನು ನನ್ನ ಪ್ರಶ್ನೆಗೆ ಬರೋಣ. ಯುರೋಪಿನ ಎರಡು ದೇಶ ಇದೇ ಬೀಗವನ್ನ ಎರಡು ರೀತಿ ತಂದವು.

ಮೊದಲನೆಯದು ಪಶ್ಚಿಮ ಜರ್ಮನಿ. 1963ರಲ್ಲಿ ಅಲ್ಲಿ ಎಲ್ಲ ಕಾರುಗಳಿಗೂ ಸ್ಟೀರಿಂಗ್ ಲಾಕ್ ಕಡ್ಡಾಯವಾಯಿತು. ಗಮನಿಸಿ, ಎಲ್ಲ ಕಾರು. ಶೋರೂಮಿನಿಂದ ಹೊರಬರುವ ಹೊಸ ಕಾರಿಗೂ ಸರಿ, ಆಗಲೇ ರಸ್ತೆ ಮೇಲೆ ಓಡುತ್ತಿದ್ದ ಹಳೆ ಕಾರಿಗೂ ಸರಿ. ಹಳೆ ಕಾರಿನವರೂ ಲಾಕ್ ಹಾಕಿಸಿಕೊಳ್ಳಲೇಬೇಕಾಯಿತು. ಪರಿಣಾಮ, ಕಾರು ಕಳ್ಳತನ ಶೇ 60ಕ್ಕೂ ಹೆಚ್ಚು ಇಳಿಯಿತು. ಮುಂದೆಯೂ ಕೆಳಗೇ ಉಳಿಯಿತು.

ಎರಡನೆಯದು ಬ್ರಿಟನ್. ಅಲ್ಲಿ 1971ರಿಂದ ಹೊಸ ಕಾರುಗಳಿಗೆ ಮಾತ್ರ ಲಾಕ್ ಬಂತು. ಹಳೆಯವನ್ನ ಹಾಗೇ ಬಿಟ್ಟರು. ಹೊಸ ಕಾರುಗಳೇನೋ ಬಚಾವಾದವು. ಲಂಡನ್ ಮೆಟ್ರೊಪಾಲಿಟನ್ ಪೊಲೀಸರ ವ್ಯಾಪ್ತಿಯಲ್ಲಿ 1969ರಲ್ಲಿ ಕಳುವಾದ ವಾಹನಗಳಲ್ಲಿ ಶೇ 20.9 ಹೊಸವು. 1973ರ ಹೊತ್ತಿಗೆ ಅದು ಶೇ 5.1ಕ್ಕೆ ಇಳಿಯಿತು. ಲಾಕ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತು ನೋಡಿ ಅಂತ ಅನ್ನಿಸಬಹುದು. ಆದರೆ ಒಟ್ಟು ಕಳ್ಳತನ ಇಳಿಯಲೇ ಇಲ್ಲ. ಬೀಗ ಇಲ್ಲದ ಹಳೆ ಕಾರುಗಳು ಬೀದಿ ತುಂಬಾ ನಿಂತಿದ್ದವು, ಕಳ್ಳರು ಅತ್ತ ತಿರುಗಿದರು.

ಈ ಹೋಲಿಕೆಯನ್ನ ಬರೆದಿಟ್ಟವರು ಬ್ರಿಟನ್ನಿನ ಗೃಹ ಇಲಾಖೆಯ ಸಂಶೋಧಕರು. ಪ್ಯಾಟ್ ಮೇಹ್ಯೂ, ರೊನಾಲ್ಡ್ ಕ್ಲಾರ್ಕ್ ಮತ್ತಿಬ್ಬರು ಸೇರಿ 1976ರಲ್ಲಿ ಪ್ರಕಟಿಸಿದ ವರದಿಯ ಹೆಸರು 'ಕ್ರೈಮ್ ಆ್ಯಸ್ ಆಪರ್ಚುನಿಟಿ', ಅಂದರೆ ಅವಕಾಶ ಸಿಕ್ಕಾಗ ಆಗುವ ಅಪರಾಧ. ಅಪರಾಧ ಅಂದರೆ ಬಡತನ, ಮನಸ್ಸಿನ ವಿಕಾರ, ಕೆಟ್ಟ ಸಹವಾಸ ಅಂತ ಕಾರಣ ಹುಡುಕುತ್ತಿದ್ದ ಕಾಲ ಅದು. ಇವರು ಬಾಗಿಲು ಎಷ್ಟು ತೆರೆದಿದೆ ಅನ್ನೋದನ್ನೂ ನೋಡಿ ಅಂದರು. ಆ ಕಾಲದ ಕಾರು ಕಳ್ಳರಲ್ಲಿ ಬಹಳಷ್ಟು ಮಂದಿ ಒಂದು ಸುತ್ತು ಹೊಡೆಯೋ ಚಪಲಕ್ಕೆ ಸಿಕ್ಕಿದ್ದನ್ನ ಓಡಿಸಿಕೊಂಡು ಹೋಗುತ್ತಿದ್ದ ಹುಡುಗರು. ಅಂಥವನಿಗೆ ಮೊದಲನೇ ಕಾರು ಬಗ್ಗಲಿಲ್ಲ ಅಂದರೆ ಎರಡನೆಯದು. ಬೀದಿಯಲ್ಲಿ ಯಾವುದೂ ಬಗ್ಗದಿದ್ದರೆ? ತುಂಬಾ ಮಂದಿ ಮನೆಗೆ ಹೋಗ್ತಾರೆ ಅನ್ನೋದನ್ನ ಜರ್ಮನಿಯ ಅಂಕಿ ತೋರಿಸಿತ್ತು.

ಒಂದು ದಾರಿ ಮುಚ್ಚಿದರೆ ಕಳ್ಳ ಇನ್ನೊಂದು ಹುಡುಕೇ ಹುಡುಕ್ತಾನೆ ಅಂತ ನಾವೆಲ್ಲ ನಂಬ್ತೀವಿ. ಅದು ಪೂರ್ತಿ ನಿಜ ಅಲ್ಲ ಅನ್ನೋದಕ್ಕೆ ಅದೇ ಜರ್ಮನಿಯಿಂದ ಇನ್ನೊಂದು ಸಾಕ್ಷಿ ಇದೆ. 1980ರಲ್ಲಿ ಅಲ್ಲಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ ಸ್ಥಳದಲ್ಲೇ ದಂಡ ಹಾಕೋಕೆ ಶುರು ಮಾಡಿದರು. ಜೀವ ಉಳಿಸೋಕೆ ತಂದ ನಿಯಮ. ಆದರೆ ವರ್ಷಕ್ಕೆ ಒಂದೂವರೆ ಲಕ್ಷದಷ್ಟಿದ್ದ ಬೈಕ್ ಕಳ್ಳತನ 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಬಿತ್ತು. ಕದಿಯೋಕೆ ಹೋಗುವಾಗ ಕೈಯಲ್ಲಿ ಹೆಲ್ಮೆಟ್ ಹಿಡಕೊಂಡು ಹೋಗೋರು ಎಷ್ಟು ಜನ? ಬರಿದಲೆಯಲ್ಲಿ ಓಡಿಸಿದರೆ ಮೊದಲ ಸರ್ಕಲ್ಲಿನಲ್ಲೇ ಪೊಲೀಸ್ ಕೈ ಅಡ್ಡ ಹಿಡೀತಾನೆ. ಅವರೆಲ್ಲ ಕಾರಿಗೆ ತಿರುಗಿಕೊಂಡರಾ ಅಂದರೆ, ಕಾರು ಕಳ್ಳತನ ಏರಿದ್ದು ಸ್ವಲ್ಪ ಮಾತ್ರ.

ಈಗ ಅಮೆರಿಕಕ್ಕೆ ಬನ್ನಿ, ನನ್ನ ಕೆಂಪು ಸರಳಿನ ಪೂರ್ವಜನ ಊರಿಗೆ. ಹೊಸ ಕಾರುಗಳ ಒಳಗಿನ ಲಾಕ್ ಅಲ್ಲಿ 1970ರಿಂದಲೇ ಕಡ್ಡಾಯ. ಪಳಗಿದ ಕಳ್ಳರು ಅದನ್ನ ಮುರಿಯೋದು ಕಲಿತಿದ್ದರು. ಪೆನ್ಸಿಲ್ವೇನಿಯಾ ರಾಜ್ಯದ ಜೇಮ್ಸ್ ವಿನ್ನರ್ ಅನ್ನುವ ಸೇಲ್ಸ್‌ಮನ್ ಒಬ್ಬರ ಕ್ಯಾಡಿಲಾಕ್ ಕಾರು ಕಳುವಾಯಿತು. ಕೊರಿಯಾ ಯುದ್ಧದ ವೇಳೆ ಸೈನಿಕರು ಜೀಪಿನ ಸ್ಟೀರಿಂಗ್‌ಗೆ ಸರಪಳಿ ಸುತ್ತಿ ಬೀಗ ಜಡಿಯುತ್ತಿದ್ದದ್ದು ಆಗ ತಮಗೆ ನೆನಪಾಯಿತು ಅಂತ ಅವರು ಹೇಳುತ್ತಿದ್ದರು. 1986ರಲ್ಲಿ 'ದಿ ಕ್ಲಬ್' ಅನ್ನುವ ಸರಳು ಮಾರುಕಟ್ಟೆಗೆ ಬಂತು. ಐಡಿಯಾ ಪೂರ್ತಿ ಹೊಸದಲ್ಲ, ಸ್ಟೀರಿಂಗನ್ನ ಪೆಡಲ್‌ಗೆ ಸಿಕ್ಕಿಸುವ 'ಕ್ರೂಕ್‌ಲಾಕ್' ಬ್ರಿಟನ್ನಿನಲ್ಲಿ ಮೊದಲೇ ಇತ್ತು. ಇದನ್ನ ರೂಪಿಸಿದ್ದರಲ್ಲಿ ನನ್ನದೂ ಪಾಲಿದೆ ಅಂತ ಮೆಕ್ಯಾನಿಕ್ ಒಬ್ಬರು ಕೋರ್ಟಿಗೆ ಹೋಗಿ, ಕೊನೆಗೆ ದೊಡ್ಡ ಮೊತ್ತಕ್ಕೆ ರಾಜಿಯಾಯಿತು. ಇದೆಲ್ಲ ಏನೇ ಇರಲಿ, ಟಿವಿ ಜಾಹೀರಾತುಗಳಿಂದ ಕ್ಲಬ್ ಅಮೆರಿಕದಲ್ಲಿ ಮನೆಮಾತಾಯಿತು.

ಅದಕ್ಕೊಂದು ಹುಳುಕು ಇತ್ತು. ಸರಳು ಗಟ್ಟಿ ಉಕ್ಕು, ಆದರೆ ಅದು ಕೂತಿರೋ ಸ್ಟೀರಿಂಗ್ ಚಕ್ರ ಅಷ್ಟು ಗಟ್ಟಿಯಲ್ಲ. ಗರಗಸದಿಂದ ಚಕ್ರವನ್ನೇ ಒಂದು ಕಡೆ ಕತ್ತರಿಸಿದರೆ ಸರಳು ಈಚೆಗೆ ಬರುತ್ತೆ. ಹಾಗಾದರೆ ಉಪಯೋಗವೇ ಇಲ್ವಾ? ಇದೆ. ಅದರ ಶಕ್ತಿ ಇರೋದು ಕಣ್ಣಿಗೆ ಕಾಣೋದರಲ್ಲಿ. ಗಾಜಿನಾಚೆಯಿಂದ ಕೆಂಪು, ಹಳದಿ ಬಣ್ಣ ಕಂಡ ಕಳ್ಳ, ಇಲ್ಲಿ ಎರಡು ನಿಮಿಷ ಜಾಸ್ತಿ ಕೆಲಸ ಅಂತ ಮುಂದೆ ಹೋಗ್ತಾನೆ. ಮುಂದೆ ಅಂದರೆ ಎಲ್ಲಿಗೆ? ಮೇಷ್ಟ್ರು ಹೇಳಿದ್ದು ಅದೇ.

ಅದೇ 1986ರಲ್ಲಿ, ಅದೇ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇದಕ್ಕೆ ಪೂರಾ ಉಲ್ಟಾ ಇರುವ ಇನ್ನೊಂದು ಸಾಧನ ಶುರುವಾಯಿತು. ಹೆಸರು ಲೋಜ್ಯಾಕ್. ಕಾರಿನೊಳಗೆ ಎಲ್ಲೋ ಬಚ್ಚಿಟ್ಟ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್. ಹೊರಗೆ ಒಂದು ಸ್ಟಿಕ್ಕರೂ ಇಲ್ಲ. ಕಾರು ಕಳುವಾದ ಮೇಲೆ ಪೊಲೀಸರು ಆ ಸಿಗ್ನಲ್ ಹಿಡಿದು ಹೋಗ್ತಾರೆ, ಅದು ಅವರನ್ನ ಎಷ್ಟೋ ಸಲ ಕದ್ದ ಕಾರು ಬಿಚ್ಚುವ ಗ್ಯಾರೇಜಿಗೇ ಕರಕೊಂಡು ಹೋಗುತ್ತೆ. ಯಾವ ಕಾರಿನಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಳ್ಳನಿಗೆ ಗೊತ್ತಿಲ್ಲ. ಹಾಗಾಗಿ ಅವನು ಪ್ರತಿ ಕಾರಿಗೂ ಹೆದರಬೇಕು. ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ ಅನ್ನುವ ಇಬ್ಬರು ಇದನ್ನ ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಲೋಜ್ಯಾಕ್ ಬಂದ ಊರುಗಳಲ್ಲಿ ಕಾರು ಕಳ್ಳತನವೇ ಗಣನೀಯವಾಗಿ ಇಳಿದಿತ್ತು. ಅವರ ಲೆಕ್ಕದಲ್ಲಿ ಅದರ ಒಟ್ಟು ಲಾಭದಲ್ಲಿ ದುಡ್ಡು ಕೊಟ್ಟು ಹಾಕಿಸಿದವನಿಗೆ ಸಿಗೋದು ಶೇ 10ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಹಾಕಿಸದ ನೆರೆಹೊರೆಯವರಿಗೆ.

ಅಂದರೆ ಕ್ಲಬ್‌ನಲ್ಲಿ ಲಾಭ ನನಗೆ, ಅಪಾಯ ಪಕ್ಕದವನಿಗೆ. ಲೋಜ್ಯಾಕ್‌ನಲ್ಲಿ ಖರ್ಚು ನನ್ನದು, ಲಾಭ ಬೀದಿಯದ್ದು. ಇನ್ನೊಬ್ಬರಿಗೆ ಲಾಭ ಆಗಲಿ ಅಂತ ಯಾರೂ ದುಡ್ಡು ಬಿಚ್ಚಲ್ಲ. ಅದಕ್ಕೇ ಅಂಗಡಿಯಲ್ಲಿ ಕೆಂಪು ಸರಳುಗಳೇ ಹೆಚ್ಚು ಖರ್ಚಾಗೋದು.

ಆಮೇಲೆ ಇಮೊಬಿಲೈಜರ್ ಬಂತು. ಕೀಲಿಯೊಳಗೆ ಒಂದು ಚಿಪ್, ಅದರ ಗುರುತು ಸಿಗದಿದ್ದರೆ ಎಂಜಿನ್ ಚಾಲೂ ಆಗಲ್ಲ. ಯುರೋಪಿನಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕ ಕಡ್ಡಾಯ ಮಾಡಲಿಲ್ಲ. ಅಲ್ಲಿ ಮಾರಿದ ಕಿಯಾ, ಹುಂಡೈ ಕಾರುಗಳ ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇಮೊಬಿಲೈಜರ್ ಇರಲಿಲ್ಲ. 2021ರ ಹೊತ್ತಿಗೆ ಮಿಲ್ವಾಕಿ ನಗರದ ಹುಡುಗರು ಅವನ್ನ ಕದಿಯೋದರಲ್ಲಿ ಪಳಗಿದರು, ವಿಡಿಯೊಗಳು ಹರಿದಾಡಿ ಮುಂದಿನ ವರ್ಷ ದೇಶಕ್ಕೆಲ್ಲ ಹಬ್ಬಿತು. ಕಂಪನಿಗಳು 2023ರಲ್ಲಿ ಸಾಫ್ಟ್‌ವೇರ್ ಪರಿಹಾರ ಕೊಟ್ಟವು. ಅದರ ಜೊತೆಗೆ ಪೊಲೀಸ್ ಸ್ಟೇಷನ್ನುಗಳ ಮೂಲಕ ಸಾವಿರಗಟ್ಟಲೆ ಹಂಚಿದ್ದು ಏನು ಗೊತ್ತಾ? ಸ್ಟೀರಿಂಗ್ ಸರಳು. ಕಂಪ್ಯೂಟರ್ ಯುಗದ ಕಾರಿಗೆ ಮತ್ತೆ ಅದೇ ಕೋಲು, ಈ ಸಲ ಪುಕ್ಕಟೆ.

ಇಲ್ಲಿ ನನಗೆ ಜರ್ಮನಿಯ 1963 ನೆನಪಾಗುತ್ತೆ. ಬೀಗ ಎಷ್ಟು ಗಟ್ಟಿ ಅನ್ನೋದಕ್ಕಿಂತ, ಬೀದಿಯಲ್ಲಿ ಯಾರನ್ನ ಬೀಗ ಇಲ್ಲದೆ ಬಿಟ್ಟಿದ್ದೀವಿ ಅನ್ನೋದೇ ಲೆಕ್ಕಕ್ಕೆ ಬರುತ್ತೆ. ಬ್ರಿಟನ್ನಿನಲ್ಲಿ ಬಿಟ್ಟದ್ದು ಹಳೆ ಕಾರಿನವರನ್ನ. ಅಮೆರಿಕದಲ್ಲಿ ಅಗ್ಗದ ಮಾಡೆಲ್ ಕೊಂಡವರನ್ನ. ನಮ್ಮ ಬೀದಿಯಲ್ಲಿ ಒಬ್ಬ ಪಿಂಚಣಿದಾರ ಮೇಷ್ಟ್ರನ್ನ. ಮೂರೂ ಕಡೆ ಪೆಟ್ಟು ಬಿದ್ದದ್ದು ಮತ್ತೊಂದು ಕಾರು ಕೊಳ್ಳೋಕೆ ಕಷ್ಟ ಇದ್ದವರಿಗೇ.

ಆ ಕಳ್ಳ ನಿಜವಾಗಲೂ ನನ್ನ ಕಾರಿನ ಗಾಜಿನೊಳಗೆ ಇಣುಕಿದ್ದನಾ? ಇಷ್ಟೆಲ್ಲ ಓದಿದ ಮೇಲೂ ಹೇಳೋಕಾಗಲ್ಲ. ಆದರೆ ಮೇಷ್ಟ್ರ ತರ್ಕ ಸರಿ ಇತ್ತು ಅಂತ ಮಾತ್ರ ಗೊತ್ತು. ಅವರ ಕಾರು ಹೋದ ವಾರವೇ ಬೀದಿಯ ಉಳಿದಿಬ್ಬರೂ ನನ್ನ ಕೈಲೇ ಲಾಕ್ ತರಿಸಿಕೊಂಡರು. ನಾವಿದ್ದಷ್ಟು ಕಾಲ ಆ ಬೀದಿಯಲ್ಲಿ ಮತ್ತೆ ಕಾರು ಕಳುವಾಗಲಿಲ್ಲ. ಮೇಷ್ಟ್ರು ಮತ್ತೆ ಕಾರು ತಗೊಳ್ಳಲಿಲ್ಲ. ಭಾನುವಾರ ಮಾರ್ಕೆಟ್ಟಿಗೆ ಹೊರಟಾಗ ನಾನು ಹಾರ್ನ್ ಹೊಡೀತಿದ್ದೆ, ಅವರು ಕೈಚೀಲ ಹಿಡಿದು ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಸರಳು ಬಿಚ್ಚಿ ಅವರ ಕಾಲ ಬುಡದಲ್ಲಿ ಇಡುತ್ತಿದ್ದೆ. ಅವರು ಒಂದು ದಿನವೂ ಆ ಮಾತು ಮತ್ತೆ ಎತ್ತಲಿಲ್ಲ.

ನಿಮ್ಮ ಬೀದಿಯ ಕಥೆ ಏನಾದ್ರೂ ಇದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ವಸ್ತುವಿನ ಕಥೆಯೊಂದಿಗೆ ಸಿಗೋಣ.