ಡಂಗುರ: ಊರಿಗೆ ಸುದ್ದಿ ಸಾರಿದ ಹಲಗೆ

ಊರವರಿಗೆ ತಿಳಿಸಬೇಕಾದ ವಿಷಯವನ್ನು ಹಲಗೆ ಬಾರಿಸಿ, ಓಣಿ ಓಣಿಗಳಲ್ಲಿ ಕೂಗಿ ಹೇಳುವ ಪದ್ಧತಿಯೇ ಡಂಗುರ. ಕಂದಾಯದ ಗಡುವು, ಜಾತ್ರೆ, ಹರಾಜುಗಳ ಸುದ್ದಿ ಅಕ್ಷರ ಬಾರದವರಿಗೂ ತಲುಪುತ್ತಿದ್ದುದು ಹೀಗೆಯೇ.

ಅಳ್ನಾವರ ಸೇರಿದಂತೆ ಧಾರವಾಡ ಸೀಮೆಯು 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿನ ಗ್ರಾಮಸೇವೆ ಹಾಗೂ ಅದಕ್ಕೆ ಪ್ರತಿಯಾಗಿ ದೊರೆಯುತ್ತಿದ್ದ ವತನ ಭೂಮಿಗೆ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಅನ್ವಯಿಸುತ್ತಿತ್ತು. ಹಲಗೆ ಬಾರಿಸುವ ಹೊಣೆ ಬಹುತೇಕ ದಲಿತ ಕುಟುಂಬಗಳದ್ದಾಗಿತ್ತು. ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗಾಣಿಸಿತು. ಆದರೆ ಜಾತಿಯ ಕಟ್ಟಳೆ ಕಾಯ್ದೆಯೊಂದರಿಂದಲೇ ಅಳಿಯಲಿಲ್ಲ. ಹಲಗೆ ಬಾರಿಸಲು ಒಲ್ಲೆವೆಂದ ದಲಿತರು ರಾಜ್ಯದ ಹಲವೆಡೆ ಬಹಿಷ್ಕಾರವನ್ನೂ ಎದುರಿಸಬೇಕಾಯಿತು.

ಕಾನೂನಿನ ಪುಟಗಳಲ್ಲಿ ಡಂಗುರ ಇನ್ನೂ ಉಳಿದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮದಂತೆ, ಸ್ಥಿರಾಸ್ತಿ ಜಪ್ತಿಯ ಆದೇಶವನ್ನು ಆಸ್ತಿಯ ಬಳಿ ಡಂಗುರದಿಂದ ಅಥವಾ ರೂಢಿಯಲ್ಲಿರುವ ಬೇರೆ ವಿಧಾನದಿಂದ ಸಾರಬೇಕು.

ಇಂಗ್ಲೆಂಡಿನಲ್ಲಿ ಇದೇ ಕಸುಬು ಕೈಗಂಟೆ, ವರ್ಣರಂಜಿತ ನಿಲುವಂಗಿಗಳೊಡನೆ ಸ್ಪರ್ಧೆಯಾಗಿ ಬೆಳೆದಿದೆ. ಧ್ವನಿಯ ಬಲಕ್ಕೂ ಉಚ್ಚಾರದ ಸ್ಪಷ್ಟತೆಗೂ ಅಲ್ಲಿ ಅಂಕಗಳುಂಟು. ಕೊರೋನಾ ಕಾರಣದಿಂದ 2021ರ ಬ್ರಿಟಿಷ್ ಚಾಂಪಿಯನ್‌ಷಿಪ್ ಮೌನವಾಗಿ, ಕೇವಲ ಲಿಖಿತ ಘೋಷಣೆಗಳ ಮೇಲೆ ನಡೆದದ್ದು ವಿಶೇಷ.

ಅಲ್ಲಿ ಸಾರುವವನು ಊರಿನ ಹೆಮ್ಮೆ. ಇಲ್ಲಿ ಆತ ಊರ ಹೊರಗಿನವನಾಗಿದ್ದ. ಇಂದು ಸುದ್ದಿ ಸಾರಲು ಧ್ವನಿವರ್ಧಕ ಹೊತ್ತ ವಾಹನಗಳಿವೆ. ಹಲಗೆ ಜನಪದ ಕಲೆಯಾಗಿ ವೇದಿಕೆ ಏರಿದೆ. ಅಲ್ಲಿ ಅದನ್ನು ಬಾರಿಸುವುದು ಕಲಾವಿದನ ಆಯ್ಕೆಯೇ ಹೊರತು ಬಿಟ್ಟಿ ಚಾಕರಿಯಲ್ಲ.